ಬಸರಿದಿನ್ನಿಯ ಎಣ್ಣೆಗಲ್ಲು

ಆದಮ್ಮ ಐದು ವರ್ಷ ಬರೀ ಕಡಿದಾಟ ಓದಿದವಳು. ರಾಯಚೂರು ಸೀಮೆಯ ವೀರಗಲ್ಲುಗಳ ಮೇಲೆ ಅವಳು ಬರೆದ ಮಹಾಪ್ರಬಂಧದಲ್ಲಿ ದನಗಳ್ಳರನ್ನು ಕಡಿದು ಸತ್ತವರಿದ್ದರು, ಊರ ಗಡಿಗೆ ಸತ್ತವರಿದ್ದರು, ಒಡೆಯನಿಗಾಗಿ ತಮ್ಮ ತಲೆ ತಾವೇ ಕೊಟ್ಟವರಿದ್ದರು. ಒಟ್ಟು ಇನ್ನೂರ ಹದಿನೇಳು ಹೆಣ. ಯಾವ ಊರಿನ ಕಲ್ಲಲ್ಲಿ ಯಾರ ಹೊಟ್ಟೆಗೆ ಯಾರ ಈಟಿ ಹೊಕ್ಕಿದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ಆದರೆ ಕೊಡಲಿ ಏಟು ಬಿದ್ದಾಗ ಮನುಷ್ಯನ ಮೂಳೆ ಎಂಥ ಸದ್ದು ಮಾಡುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸುವ ವಿಶ್ವವಿದ್ಯಾಲಯ ಎಲ್ಲಿಯೂ ಇಲ್ಲ. ೧೯೯೩ರ ಜನವರಿಯಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಅವಳು ಅದನ್ನು ತಾನು ಹುಟ್ಟಿದ ಊರಿನಲ್ಲೇ ಕಲಿತಳು.

ಆ ಊರು ಬಸರಿದಿನ್ನಿ, ತುರ್ವಿಹಾಳದಿಂದ ಕಾಲುವೆ ಏರಿ ಹಿಡಿದು ನಡೆದರೆ ಒಂದು ತಾಸಿನ ದಾರಿ. ಆದಮ್ಮ ನಾಲ್ಕು ವರ್ಷದವಳಿದ್ದಾಗ ಅವಳಪ್ಪ ಮುದುಕಪ್ಪ ಸತ್ತ. ಕಾಲುವೆಯಲ್ಲಿ ಕಾಲು ಜಾರಿ ಬಿದ್ದ ಎಂದು ಅವ್ವ ತಿಮ್ಮವ್ವ ಹೇಳಿದ್ದಳು, ಮಗಳು ಅದನ್ನೇ ನಂಬಿ ಬೆಳೆದಳು. ಅಪ್ಪ ಸತ್ತ ಎರಡು ತಿಂಗಳಲ್ಲಿ ಅವ್ವ ಅವಳನ್ನು ಮಸ್ಕಿಯಲ್ಲಿದ್ದ ತನ್ನ ತಮ್ಮನ ಮನೆಗೆ ಸಾಗಹಾಕಿದಳು. ಹನ್ನೆರಡು ವರ್ಷದ ಮಗ ಗಿಡ್ಡಪ್ಪನನ್ನು ಮಾತ್ರ ಹೊಲಕ್ಕೆಂದು ಉಳಿಸಿಕೊಂಡಳು. ತನ್ನನ್ನು ಯಾಕೆ ದೂರ ಮಾಡಿದಳೆಂದು ಕೇಳುವ ವಯಸ್ಸು ಬಂದಾಗ ಆದಮ್ಮನಿಗೆ ಅವ್ವನ ಹತ್ತಿರ ಆ ಸಲಿಗೆ ಉಳಿದಿರಲಿಲ್ಲ.

ಮಸ್ಕಿಯ ಮಾವನ ಕೈ ಬಲು ಜೋರು. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿಗೆ ಬಾರಿಸುತ್ತಿದ್ದ, ಕಡಿಮೆಯಾದರೆ ಮಕ್ಕಳಿಗೆ. ಅವನ ಹಿರಿಮಗ ನರಸಣ್ಣ ಅಪ್ಪನನ್ನೂ ಮೀರಿಸಿದವನು. ಶಾಲೆಗೆ ಹೋಗುವ ದಾರಿಯಲ್ಲಿ ಯಾರೋ ಆದಮ್ಮನ ಜಡೆ ಎಳೆದನೆಂದು ಅವನ ದವಡೆ ಮುರಿದು ಬಂದಿದ್ದ. ಅವತ್ತು ಆದಮ್ಮನಿಗೆ ಹೆದರಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು. ಎರಡನೆಯದನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಮನೆಯ ಗದ್ದಲ ತಡೆಯದೆ ಅವಳು ಅಶೋಕನ ಶಾಸನವಿರುವ ಗುಡ್ಡದ ಬುಡದಲ್ಲಿ ಕೂತು ಓದುತ್ತಿದ್ದಳು. ಆಮೇಲೆ ಲಿಂಗಸುಗೂರಿನ ಹಾಸ್ಟೆಲು, ಕಾಲೇಜು, ಎಂ.ಎ., ಕೊನೆಗೆ ತೊಂಬತ್ತೊಂದರಲ್ಲಿ ಪಿಎಚ್.ಡಿ. ಬಸರಿದಿನ್ನಿಗೆ ಬರುತ್ತೇನೆಂದಾಗಲೆಲ್ಲ ಅವ್ವ ಒಂದು ನೆಪ ಹೇಳಿ ತಾನೇ ಮಸ್ಕಿಗೆ ಬಂದು ಹೋಗುತ್ತಿದ್ದಳು. ಹೀಗೆ ಇಪ್ಪತ್ತೈದು ವರ್ಷದಲ್ಲಿ ಆದಮ್ಮ ತನ್ನೂರಿನಲ್ಲಿ ಮಲಗಿದ ರಾತ್ರಿಗಳು ಹತ್ತು ಇರಲಿಕ್ಕಿಲ್ಲ. ಆದರೂ ಯಾರಾದರೂ ಊರು ಯಾವುದೆಂದು ಕೇಳಿದರೆ ಎದೆಯೆತ್ತಿ ಬಸರಿದಿನ್ನಿ ಎನ್ನುತ್ತಿದ್ದಳು.

ಪಿಎಚ್.ಡಿ. ಮುಗಿಸಿ ಒಂದು ವರ್ಷ ಖಾಲಿ ಕೂತ ಮೇಲೆ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಇತಿಹಾಸ, ಸಾಹಿತ್ಯ ಓದಿ ಹೊಸದಾಗಿ ಡಾಕ್ಟರೇಟ್ ಪಡೆದವರಿಗೆ ವಸ್ತುಸಂಗ್ರಹಾಲಯಗಳಲ್ಲಿ ಎರಡು ವರ್ಷದ ಫೆಲೋಶಿಪ್. ಹಳೆ ವಸ್ತು ಹುಡುಕಿ ತರುವುದು, ಗುರುತಿಸುವುದು, ವಿವರ ಬರೆಯುವುದು, ಕೊನೆಗೊಂದು ಪ್ರದರ್ಶನ ಮಾಡುವುದು. ಚೆನ್ನಾಗಿ ಮಾಡಿದವರನ್ನು ಅಲ್ಲೇ ಕಾಯಂ ಮಾಡುತ್ತಾರೆಂಬ ಮಾತೂ ಇತ್ತು. ಆದಮ್ಮ ಅರ್ಜಿ ಹಾಕಿದಳು, ಸಿಕ್ಕಿತು. ಅವಳ ಪಾಲಿಗೆ ಬಂದದ್ದು ಲಿಂಗಸುಗೂರಿನ ಒಂದು ಹಳೇ ಕಟ್ಟಡದ ಮೂರು ಕೋಣೆಯ ವಸ್ತುಸಂಗ್ರಹಾಲಯ. ಒಂದು ಕೋಣೆಯಲ್ಲಿ ಮೂಗು ಮುರಿದ ದೇವರುಗಳು, ಇನ್ನೊಂದರಲ್ಲಿ ತುಕ್ಕು ಹಿಡಿದ ಕತ್ತಿ, ಭರ್ಚಿ, ನಿಜಾಮನ ಕಾಲದ ಬಂದೂಕು. ಮೂರನೆಯದರಲ್ಲಿ ಕ್ಯೂರೇಟರ್ ಮರಿಸ್ವಾಮಿ ಕೂರುತ್ತಿದ್ದರು.

ಮರಿಸ್ವಾಮಿ ಮೊದಲನೇ ದಿನವೇ ಅವಳ ಮುಂದೆ ಒಂದು ಕಟ್ಟು ಕಾರ್ಡು ಇಟ್ಟರು. ಒಂದೊಂದು ವಸ್ತುವಿಗೆ ಒಂದೊಂದು ಕಾರ್ಡು. ಹೆಸರು, ಸಿಕ್ಕ ಜಾಗ, ಕಾಲ, ವಿವರ, ಕಟ್ಟಕಡೆಗೆ ‘ಬಳಕೆ’ ಎಂದೊಂದು ಕಾಲಂ.

“ಈ ಕೊನೀ ಕಾಲಂ ತುಂಬೋದು ಭಾಳ ಸಸಾರ ಮೇಡಂ,” ಎಂದರು. “ಎಲ್ಲಾದಕ್ಕೂ ‘ಇಲ್ಲ’ ಅಂತ ಬರೀರಿ. ಬಳಕ್ಯಾಗ ಇರೋದು ನಮ್ಮ ಕಡೆ ಯಾಕ ಬರ್ತೈತಿ ಹೇಳ್ರಿ?”

ಆರು ತಿಂಗಳಲ್ಲಿ ಆದಮ್ಮ ನಲವತ್ತು ಹಳ್ಳಿ ತಿರುಗಿದಳು. ಜೊತೆಗೆ ಶೇಕ್ಷಾವಲಿ, ಕಲ್ಲಿನ ಅಚ್ಚು ತೆಗೆಯುವುದರಲ್ಲಿ ಪಳಗಿದ ಅಟೆಂಡರು, ಐವತ್ತು ದಾಟಿದ ಮನುಷ್ಯ. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿಯ ಉಂಡೆ ಒತ್ತಿದರೆ ಕೆತ್ತಿದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಕಲ್ಲು ತೊಳೆಯದೆ ಅಚ್ಚಿಲ್ಲ, ತೊಳೆಯುವ ಮುಂಚೆ ಊರಿನ ಹಿರಿಯರನ್ನು ಕೇಳದೆ ಕಲ್ಲು ಮುಟ್ಟುವಂತಿಲ್ಲ. ಎರಡನ್ನೂ ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಮುಕ್ಕುಂದದಂಥ ಊರಲ್ಲಿ ಅರ್ಧ ದಿನ ಕಟ್ಟೆ ಮೇಲೆ ಕೂತು, ಎಲೆಅಡಿಕೆ ಕೊಟ್ಟು, ಹ್ಞೂಂ ಎನಿಸಿಕೊಂಡೇ ನೀರಿನ ಕೊಡ ಎತ್ತಿದ್ದಳು.

ಮರಿಸ್ವಾಮಿಯವರಿಗೆ ಅಂಗಳದಲ್ಲಿ ನಿಲ್ಲಿಸಲು ಒಂದು ದೊಡ್ಡ ವೀರಗಲ್ಲು ಬೇಕಿತ್ತು. ಆದಮ್ಮನಿಗೆ ಬಸರಿದಿನ್ನಿಯ ತೂಬಿನ ಪಕ್ಕ ಆಳೆತ್ತರದ ಕರಿಯ ಕಲ್ಲೊಂದು ನಿಂತದ್ದು ನೆನಪಾಯಿತು. ಊರವರು ಅದಕ್ಕೆ ಎಣ್ಣೆಗಲ್ಲು ಎನ್ನುತ್ತಿದ್ದರು. ಮೊದಲು ಅಚ್ಚು ತೆಗೆದು ತರುತ್ತೇನೆ, ಚೆನ್ನಾಗಿದ್ದರೆ ಲಾರಿ ಕಳಿಸಿರಿ ಎಂದು ಹೇಳಿ ಶೇಕ್ಷಾವಲಿಯ ಜೊತೆ ಹೊರಟಳು. ಸಿಂಧನೂರಿನಿಂದ ಮೊದಲ ಬಸ್ಸು ಹಿಡಿದು ತುರ್ವಿಹಾಳಕ್ಕೆ ಇಳಿದು, ಕಾಲುವೆ ಏರಿ ಹಿಡಿದು ನೇರ ತೂಬಿಗೇ ಬಂದರು. ಕೆಲಸ ಮುಗಿಸಿಕೊಂಡು ಅವ್ವನ ಮುಂದೆ ಹಠಾತ್ತನೆ ನಿಲ್ಲಬೇಕೆಂಬ ಆಸೆ ಅವಳಿಗಿತ್ತು.

ಎಳ್ಳಮವಾಸ್ಯೆ ಕಳೆದು ತಿಂಗಳಾಗಿತ್ತು. ಎರಡನೇ ಬೆಳೆಯ ನಾಟಿಗೆ ಊರಿಗೆ ಊರೇ ಗದ್ದೆಯಲ್ಲಿ ಬಗ್ಗಿತ್ತು, ತಲೆಯೆತ್ತಿ ಏರಿಯ ಕಡೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕಲ್ಲಿನ ಮೇಲೆ ಎಣ್ಣೆ ಕುಂಕುಮ ಬೆರೆತು ಎರಡು ಬೆರಳು ದಪ್ಪ ಕೂತಿತ್ತು.

ಶೇಕ್ಷಾವಲಿ ಬೆರಳಿನಿಂದ ಒಂದಿಷ್ಟು ತೆಗೆದು ಮೂಸಿ ನೋಡಿದ. “ಕುಸುಬಿ ಎಣ್ಣಿ. ಹೊಸದೈತ್ರಿ ಅಮ್ಮಾರ. ಊರಾಗ ಒಂದ್ ಮಾತು ಕೇಳಿ ಬರೋಣೇನ್ರಿ?”

“ಇದು ನಮ್ಮೂರು ಶೇಕ್ಷಾವಲಿ,” ಎಂದಳು ಆದಮ್ಮ. “ನಮ್ಮ ಕಲ್ಲು ತೊಳಿಯಾಕ ನಾ ಯಾರನ್ನ ಕೇಳಬೇಕು?”

ನೋಡಿ, ನಲವತ್ತು ಊರಲ್ಲಿ ಕೈಮುಗಿದು ಕೇಳಿದವಳು ತನ್ನೂರಲ್ಲಿ ಕೇಳಲಿಲ್ಲ. ಹೊರಗಿನವರು ಯಾರೇ ಬಂದಿದ್ದರೂ ಕೇಳುತ್ತಿದ್ದರು. ತನ್ನವಳೆಂಬ ಗತ್ತು ಅವಳ ಬಾಯಿ ಕಟ್ಟಿತು.

ಅಂಟವಾಳದ ನೀರು ಸುರಿದು ತೆಂಗಿನ ನಾರಿನಿಂದ ಇಬ್ಬರೂ ತಿಕ್ಕಿದರು. ಪದರ ಪದರವಾಗಿ ಎಣ್ಣೆ ಕಳಚಿ ಬಿತ್ತು. ಇಪ್ಪತ್ತೈದು ವರ್ಷದ ಕುಂಕುಮ ಕರಗಿ ನೀರು ಕೆಂಪಾಗಿ ಏರಿಯಿಂದ ಇಳಿದು ಕಾಲುವೆ ಸೇರಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬೂದಿಬಣ್ಣದ ಕಲ್ಲು ಬಟ್ಟಬಯಲಾಗಿ ನಿಂತಿತ್ತು. ಕಾಗದ ಹಾಸಿ, ಬಡಿದು, ಮಸಿ ಒತ್ತಿದರು. ಕಾಗದದ ಮೇಲೆ ಇಬ್ಬರು ಗಂಡಸರು ಎದ್ದು ಬಂದರು. ಒಬ್ಬೊಬ್ಬನ ಕೊಡಲಿಯೂ ಇನ್ನೊಬ್ಬನ ಕುತ್ತಿಗೆಯಲ್ಲಿತ್ತು. ಗೆದ್ದವನಿಲ್ಲದ ವೀರಗಲ್ಲನ್ನು ಆದಮ್ಮ ಅದುವರೆಗೆ ಕಂಡಿರಲಿಲ್ಲ, ಅವಳ ಖುಷಿ ಹೇಳತೀರದು. ಅವರ ಕಾಲ ಬುಡದಲ್ಲಿ ಎರಡು ಅಂಗೈಗಳಿದ್ದವು. ಎರಡೂ ಬಲಗೈ. ಕಲ್ಲಿನ ಮೇಲೆ ಎತ್ತಿದ ಕೈ ಕಂಡರೆ ಅದು ಗಂಡನ ಚಿತೆ ಏರಿದ ಹೆಂಗಸಿನ ಗುರುತು ಎಂದು ಓದಿದವರೆಲ್ಲ ಬಲ್ಲರು. ಆದರೆ ಸತಿಯ ಕೈಗೆ ಮೊಣಕೈ ಇರುತ್ತದೆ, ಬಳೆ ಇರುತ್ತವೆ. ಇಲ್ಲಿ ಎರಡೂ ಇರಲಿಲ್ಲ, ಕಲ್ಲಿಗೆ ಊರಿದ ಅಂಗೈಯಷ್ಟೇ, ಒಂದು ಕಾಳಿನಷ್ಟು ತಗ್ಗಾಗಿ. ಅವಳಿಗೆ ಒಂದು ಗಳಿಗೆ ಅನುಮಾನ ಬಂತು. ಆದರೂ ಜಾಲಿ ಮರದ ನೆರಳಲ್ಲಿ ಕೂತು ಕಾರ್ಡು ತುಂಬಿದಳು. ‘ಮಹಾಸತಿಯರ ಕೈ, ಎರಡು. ಬಳಕೆ: ಇಲ್ಲ.’

ಅಷ್ಟರಲ್ಲಿ ತಿಮ್ಮವ್ವ ಬಂದಳು. ಮಗಳು ತೂಬಿನ ಹತ್ತಿರ ಬಂದಿದ್ದಾಳೆಂದು ಯಾರೋ ಹೇಳಿದ್ದರು. ರೊಟ್ಟಿಯ ಬುತ್ತಿ ತಲೆ ಮೇಲಿಟ್ಟುಕೊಂಡು ನಗುತ್ತಲೇ ಏರಿ ಹತ್ತಿದಳು. ಕಲ್ಲು ಕಂಡದ್ದೇ ತಡ, ಬುತ್ತಿ ಕೆಳಗೆ ಬಿತ್ತು.

“ಯಾರು ತೊಳದ್ರು ಇದನ್ನ?”

“ನಾನ ಯವ್ವಾ. ಸರ್ಕಾರದ—”

ಮಾತು ಮುಗಿಯುವ ಮುಂಚೆ ಕೆನ್ನೆಗೆ ಏಟು ಬಿತ್ತು. ಇನ್ನೊಂದು, ಮತ್ತೊಂದು. ಶೇಕ್ಷಾವಲಿ ನಡುವೆ ಬಂದರೆ ಅವನನ್ನೂ ನೂಕಿದಳು. ಆಮೇಲೆ ಗದ್ದೆಯ ಕಡೆ ತಿರುಗಿ ಮಗನನ್ನು ಕೂಗಿದಳು. “ಗಿಡ್ಡಾ, ಮನಿಗೆ ಓಡೋ. ಎಣ್ಣಿ ಡಬ್ಬಿ ತಗೊಂಬಾ. ಜಲ್ದಿ ಓಡು.” ಕೆಸರಲ್ಲಿದ್ದ ಗಿಡ್ಡಪ್ಪ ತಲೆಯೆತ್ತಿ ಕಲ್ಲು ನೋಡಿದ. ತಂಗಿಯ ಕಡೆ ನೋಡಲಿಲ್ಲ. ಪೈರಿನ ಕಟ್ಟು ಬಿಸಾಡಿ ಊರಿನತ್ತ ಓಡಿದ.

“ನಿಮ್ಮಪ್ಪ ಕಾಲುವ್ಯಾಗ ಬಿದ್ದು ಸತ್ತಿಲ್ಲ ಬೇ,” ಎಂದಳು ತಿಮ್ಮವ್ವ. “ಇದ ತೂಬಿನ ಮ್ಯಾಲ ಕನಕರಾಯ ಕಡದು ಹಾಕ್ಯಾನ.”

ಕನಕರಾಯ ಯಾರೋ ಹೊರಗಿನವನಲ್ಲ. ಮುದುಕಪ್ಪನ ಚಿಕ್ಕಪ್ಪನ ಮಗಳು ಮಾರೆಮ್ಮನ ಗಂಡ, ಆದಮ್ಮನಿಗೆ ಸಂಬಂಧದಲ್ಲಿ ಮಾವ. ಅರವತ್ತೆಂಟರಲ್ಲಿ ನೀರಿನ ಪಾಳಿಗೆ ಇಬ್ಬರೂ ತೂಬಿನ ಮೇಲೆ ಜಗಳಕ್ಕೆ ಬಿದ್ದರು, ಕನಕರಾಯ ಕೊಡಲಿಯಿಂದ ಮುದುಕಪ್ಪನ ತಲೆ ಸೀಳಿದ. ತಿಂಗಳಾಗುವಷ್ಟರಲ್ಲಿ ಮುದುಕಪ್ಪನ ತಮ್ಮ, ಬುತ್ತಿ ಬಿಚ್ಚಿ ಕೂತಿದ್ದ ಕನಕರಾಯನನ್ನು ಹಿಂದಿನಿಂದ ಬಂದು ಕಡಿದ. ಕನಕರಾಯನ ಕೈಯಲ್ಲಿ ರೊಟ್ಟಿಯ ತುಂಡು ಇದ್ದಂತೆಯೇ ಇತ್ತಂತೆ. ಕಡಿದವನು ಜೈಲಿನಲ್ಲೇ ಸತ್ತ. ಮುಂದಿನ ಕೊಡಲಿ ಹನ್ನೆರಡು ವರ್ಷದ ಗಿಡ್ಡಪ್ಪನ ಮೇಲೋ, ಕನಕರಾಯನ ಐದು ವರ್ಷದ ಮಗ ಹುಲಗಪ್ಪನ ಮೇಲೋ ಎಂದು ಊರೆಲ್ಲ ಕಾಯುತ್ತಿದ್ದಾಗ, ಮೊಹರಮ್ಮಿನ ಅಲಾಯಿ ದೇವರ ಮನೆ ನೋಡಿಕೊಳ್ಳುವ ಇಸ್ಮಾಯಿಲ್‌ಸಾಬ್ ಇಬ್ಬರು ವಿಧವೆಯರನ್ನೂ ಕಲ್ಲಿನ ಮುಂದೆ ತಂದು ನಿಲ್ಲಿಸಿದ.

ಅದು ಬಸರಿದಿನ್ನಿಯ ಕಟ್ಟಳೆ. ಕೊಂದ ಮನೆಯಿಂದ ಒಬ್ಬಳು, ಸತ್ತ ಮನೆಯಿಂದ ಒಬ್ಬಳು ಹೆಂಗಸು ಬಂದು ಕಲ್ಲಿನ ಬುಡಕ್ಕೆ ಬಲಗೈ ಊರಬೇಕು, ಕೈಗಳ ಮೇಲೆ ಎಣ್ಣೆ ಹರಿಯಬೇಕು. ಅಲ್ಲಿಗೆ ರಾಜಿಯಾದಂತೆ. ಪ್ರತಿ ಎಳ್ಳಮವಾಸ್ಯೆಗೆ ಇಬ್ಬರೂ ಕೂಡಿ ಬಂದು ಎಣ್ಣೆ ಎರೆಯಬೇಕು. ಕಲ್ಲಿನ ಮೇಲೆ ಎಣ್ಣೆ ಇರುವ ತನಕ ಕೊಡಲಿ ಎತ್ತುವಂತಿಲ್ಲ. ಕಲ್ಲು ತೊಳೆದರೆ ರಾಜಿ ಮುರಿದಂತೆ, ತೊಳೆದ ಮನೆಯವರು ಕಡಿಯಲು ಬರುತ್ತಿದ್ದಾರೆಂದೇ ಅರ್ಥ. ತಿಮ್ಮವ್ವ ಮಗಳಿಗೆ ಇದ್ಯಾವುದನ್ನೂ ಹೇಳಲಿಲ್ಲ. ಈ ಹಗೆಯ ಗಾಳಿ ಒಂದು ಕೂಸಿಗಾದರೂ ತಾಗದಿರಲೆಂದು ಮಸ್ಕಿಗೆ ಕಳಿಸಿದ್ದಳು. ತಾಯಿಯ ಆ ಜಾಣತನವೇ ಈಗ ಕುತ್ತಾಯಿತು.

ಇದನ್ನೆಲ್ಲ ಹೇಳುತ್ತಲೇ ತಿಮ್ಮವ್ವ ಮಾರೆಮ್ಮನನ್ನು ಕರೆತರಲು ಹೊರಟಿದ್ದಳು. ಒಬ್ಬಳೇ ಎರೆದರೆ ನಡೆಯುವುದಿಲ್ಲ. ಆದರೆ ಕಾಲುವೆಯ ಆ ಬದಿ ಹುಲಗಪ್ಪನ ಗದ್ದೆ. ನಾಟಿಯ ಹೆಂಗಸರು ಎದ್ದು ನಿಂತು ಕಲ್ಲಿನ ಕಡೆ ಕೈ ತೋರಿಸುವುದನ್ನು ಅವನು ಆಗಲೇ ನೋಡಿದ್ದ. ತಿಮ್ಮವ್ವನ ಮಗಳು, ಸರ್ಕಾರದ ಆಳನ್ನು ಕಟ್ಟಿಕೊಂಡು, ಹಾಡುಹಗಲು ಕಲ್ಲು ತೊಳೆದಿದ್ದಾಳೆ. ಗಿಡ್ಡಪ್ಪ ಊರಿನತ್ತ ಓಡಿದ್ದಾನೆ, ಕೊಡಲಿ ತರಲಿಕ್ಕಲ್ಲದೆ ಮತ್ತೇತಕ್ಕೆ? ಹುಲಗಪ್ಪ ಹಾಗೆ ಲೆಕ್ಕ ಹಾಕಿದ. ಬದುವಿನ ಜಾಲಿ ಕಡಿಯಲು ತಂದಿದ್ದ ಕೊಡಲಿ ಕೈಗೆ ಬಂತು. ಎದೆಮಟ್ಟದ ನೀರಲ್ಲಿ ಕಾಲುವೆ ದಾಟಿ ತೂಬಿನ ಮರೆಯಲ್ಲಿ ನಿಂತ.

ಗಿಡ್ಡಪ್ಪ ಏರಿಯ ಮೇಲೆ ಓಡಿ ಬರುತ್ತಿದ್ದ. ಕೈಯಲ್ಲಿ ಏನೋ ಹೊಳೆಯುತ್ತಿತ್ತು. ಆದಮ್ಮ ಹುಲಗಪ್ಪನನ್ನು ನೋಡಿದಳು, “ಯಣ್ಣಾ” ಎಂದಳು. ಗಿಡ್ಡಪ್ಪ ಅವಳ ಕಡೆ ತಿರುಗಿದ. ಮೊದಲ ಏಟು ಹೆಗಲಿಗೆ ಬಿತ್ತು, ಹಸಿ ಕಟ್ಟಿಗೆ ಸೀಳಿದ ಸದ್ದಾಯಿತು. ಗಿಡ್ಡಪ್ಪ ಮೊಣಕಾಲೂರಿ ಕೂತ, ಏನೋ ಹೇಳಲು ಕೈಯೆತ್ತಿದ. ಎರಡನೇ ಏಟು ಎತ್ತಿದ ಕೈಯ ಮೂರು ಬೆರಳು ಹಾರಿಸಿ ಕುತ್ತಿಗೆಗೆ ಇಳಿಯಿತು. ಕೊಡಲಿ ಸಿಕ್ಕಿಕೊಂಡಿತು, ಹುಲಗಪ್ಪ ಕಾಲಿನಿಂದ ಅವನ ಎದೆ ಒದ್ದು ಕೀಳಬೇಕಾಯಿತು. ಆಗ ಡಬ್ಬಿ ಉರುಳಿ ಹುಲಗಪ್ಪನ ಕಾಲಿಗೆ ಬಂದು ತಾಗಿತು. ಮುಚ್ಚಳ ಬಿಚ್ಚಿ ಎಣ್ಣೆಯೆಲ್ಲ ಏರಿಯ ಮಣ್ಣಿಗೆ ಹರಿಯಿತು.

ಹುಲಗಪ್ಪ ಬಗ್ಗಿ ನೋಡಿದ. “ಎಣ್ಣಿ?” ಎಂದ. ಕೊಡಲಿ ಬಿಟ್ಟು ಬಂದ ದಾರಿಯಲ್ಲೇ ಓಡಿಹೋದ.

ಆದಮ್ಮ ಅಣ್ಣನ ಕುತ್ತಿಗೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ಅಚ್ಚಿನ ಮಸಿ ಮೆತ್ತಿದ್ದ ಕೈಗಳ ಸಂದಿನಿಂದ ರಕ್ತ ಚಿಮ್ಮುತ್ತಿತ್ತು. ಸೆರಗು ಸುತ್ತಿದಳು, ಅದೂ ತೊಯ್ದಿತು. ಟ್ರ್ಯಾಕ್ಟರ್ ತಂದು ಟ್ರೇಲರಿನಲ್ಲಿ ಹಾಕಿಕೊಂಡು ಸಿಂಧನೂರಿನ ದವಾಖಾನೆಗೆಂದು ಹೊರಟರು. ತುರ್ವಿಹಾಳ ಬರುವ ಮುಂಚೆಯೇ ಅವಳ ಅಂಗೈಯ ಕೆಳಗಿನ ಮಿಡಿತ ನಿಂತಿತು. ಆದರೂ ಸಿಂಧನೂರಿನವರೆಗೆ ಅವಳು ಕೈ ತೆಗೆಯಲಿಲ್ಲ.

ಮರುದಿನ ಹೆಣ ಊರಿಗೆ ಬರುವ ಹೊತ್ತಿಗೆ ಮಸ್ಕಿಯಿಂದ ನರಸಣ್ಣ ಬಂದಿದ್ದ, ಜೀಪಿನಲ್ಲಿ ಆರು ಜನ, ಆರು ಕೊಡಲಿ. ಮಣ್ಣು ಕೊಡುವ ತನಕ ಸುಮ್ಮನಿದ್ದರು. ಪೊಲೀಸರು ಹುಲಗಪ್ಪನನ್ನು ಹುಡುಕಿಕೊಂಡು ಬೇರೆ ಊರುಗಳಿಗೆ ಹೋಗಿದ್ದರು. ಅವನಿರುವ ಜಾಗ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು, ಒಬ್ಬಳು ಆದಮ್ಮನ ಕಿವಿಯಲ್ಲೂ ಹೇಳಿದ್ದಳು.

“ಎಲ್ಲಿ ಅದಾನ ಅವ?” ಎಂದು ನರಸಣ್ಣ ಕೇಳಿದ.

“ಅಲಾಯಿ ಮನ್ಯಾಗ,” ಎಂದಳು ಆದಮ್ಮ.

ಹೌದು, ಅವಳೇ ಹೇಳಿದಳು. ಅವಳಿಗೆ ಹುಲಗಪ್ಪನ ತಲೆ ಬೇಕಿತ್ತು. ಅವನ ಕುತ್ತಿಗೆಗೂ ಕೊಡಲಿ ಇಳಿಯಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು ಎಂದು ಅವಳ ಮೈಯೆಲ್ಲ ಉರಿಯುತ್ತಿತ್ತು. ತಪ್ಪು ತನ್ನದೆಂದು ಗೊತ್ತಿದ್ದದ್ದು ಆ ಉರಿಯನ್ನು ಇನ್ನಷ್ಟು ಹೆಚ್ಚಿಸಿತ್ತು. ಓದು, ಡಾಕ್ಟರೇಟು, ಅಶೋಕನ ಗುಡ್ಡ, ಯಾವುದೂ ಅಡ್ಡ ಬರಲಿಲ್ಲ. ನರಸಣ್ಣನ ಹಿಂದೆಯೇ ಹೆಜ್ಜೆ ಹಾಕಿದಳು.

ಅಲಾಯಿ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದವನು ಇಸ್ಮಾಯಿಲ್‌ಸಾಬ್ ಒಬ್ಬನೇ, ಎಂಬತ್ತು ದಾಟಿದ ಮುದುಕ. ಸರಿ ಎಂದರೆ ಸರಿಯಲಿಲ್ಲ. ನರಸಣ್ಣ ಕೊಡಲಿಯ ಕಾವಿನಿಂದ ಹಣೆಗೆ ಹೊಡೆದ. ಮುದುಕ ಗೋಡೆಗೆ ಒರಗಿದ, ರಕ್ತ ಬಿಳಿ ಗಡ್ಡಕ್ಕೆ ಇಳಿಯಿತು. ಕುಸಿದು ಕೂತರೂ ಕಾಲು ಚಾಚಿ ಹೊಸ್ತಿಲು ತಡೆದ.

“ಮಾರೆಮ್ಮ ನಿನ್ನಿ ಸಂಜಿಲಿಂದ ಕಲ್ಲಿನ ಹತ್ರ ಕುಂತಾಳ,” ಎಂದ ಅವನು. “ನಿಮ್ಮ ಮನಿ ಹೆಣ್ಮಗಳ ಸಲುವಾಗಿ ಕಾಯಾಕತ್ತಾಳ. ಹೋಗಿ ಕೇಳ್ರಿ. ನಿಮ್ಮ ಮನ್ಯಾಗ ಯಾರೂ ಕೈ ಇಡಂಗಿಲ್ಲ ಅಂದ್ರ ವಾಪಸ್ ಬರ್ರಿ, ಬಾಗಲಾ ನಾನ ತಗೀತೀನಿ.”

ಇದಕ್ಕೆ ನರಸಣ್ಣನೂ ಇಲ್ಲವೆನ್ನುವಂತಿರಲಿಲ್ಲ. ಕಟ್ಟಳೆ ಮೀರಿ ಕೊಂದರೆ ಆ ಮನೆಯವರ ಮದುವೆಗೆ, ಮಣ್ಣಿಗೆ ಊರಿನ ಒಬ್ಬರೂ ಬರುವುದಿಲ್ಲ. ಇಬ್ಬರನ್ನು ಬಾಗಿಲಿಗೆ ಕಾವಲು ಬಿಟ್ಟು, ತಿಮ್ಮವ್ವನನ್ನು ಮನೆಯಿಂದ ಕರೆದುಕೊಂಡು, ಉಳಿದವರೆಲ್ಲ ತೂಬಿನ ಕಡೆ ನಡೆದರು.

ಕಲ್ಲಿನ ಬುಡದಲ್ಲಿ ಮಾರೆಮ್ಮ ಕೂತಿದ್ದಳು. ಪಕ್ಕದಲ್ಲಿ ಎಣ್ಣೆಯ ಗಡಿಗೆ, ಬಲಗೈ ಕಲ್ಲಿಗೆ ಊರಿತ್ತು. ರಾತ್ರಿಯೆಲ್ಲ ಹಾಗೇ ಕೂತು ಕೈ ಬಾತುಕೊಂಡಿತ್ತು. ತಿಮ್ಮವ್ವನನ್ನು ಕಂಡು ಅವಳು ಕೈ ತೆಗೆಯದೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

“ನನ್ನ ಮಗನ್ನ ಕೊಂದವನ ಅವ್ವನ ಕೈ ಮಗ್ಗಲಕ ನನ್ನ ಕೈ ಇಡಂಗಿಲ್ಲ,” ಎಂದಳು ತಿಮ್ಮವ್ವ. “ಒಮ್ಮೆ ಇಟ್ಟೀನಿ, ಗಂಡನ ಸಾವು ನುಂಗಿಕೊಂಡು ಇಟ್ಟೀನಿ. ಮತ್ತ ಇಡಂಗಿಲ್ಲ. ಕಡೀರಿ ಹೋಗಿ.”

ಕೊಡಲಿ ಹಿಡಿದವರೆಲ್ಲ ಊರಿನತ್ತ ತಿರುಗಿದರು. ಮನೆಯಲ್ಲಿ ಇನ್ನೊಬ್ಬ ಹೆಣ್ಣಿದ್ದಾಳೆ ಎಂಬುದು ಯಾರ ತಲೆಗೂ ಬರಲಿಲ್ಲ. ಗಿಡ್ಡಪ್ಪ ಮದುವೆಯಾಗಿರಲಿಲ್ಲ, ಆದಮ್ಮನನ್ನು ಊರು ಎಂದೋ ಮಸ್ಕಿಯವಳೆಂದು ಲೆಕ್ಕ ಹಾಕಿತ್ತು. ಅವಳು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಅರ್ಧ ತಾಸಿನಲ್ಲಿ ಹುಲಗಪ್ಪನ ಹೆಣ ಬೀಳುತ್ತಿತ್ತು.

ಆದರೆ ಅವಳ ಕಣ್ಣು ಮಾರೆಮ್ಮನ ಕೈಯ ಮೇಲಿತ್ತು. ನಿನ್ನೆ ಕಾಗದದ ಮೇಲೆ ಎರಡು ಅಂಗೈ ಎದ್ದು ಬಂದಿದ್ದವಲ್ಲ, ಅದರಲ್ಲಿ ಒಂದು ಈಗ ಕಾಣುತ್ತಿರಲಿಲ್ಲ. ಮುದುಕಿಯ ಕೈ ಆ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು. ಇನ್ನೊಂದು ತಗ್ಗು ಪಕ್ಕದಲ್ಲಿ ಖಾಲಿ ಇತ್ತು. ಮೊಣಕೈ ಯಾಕಿಲ್ಲ, ಬಳೆ ಯಾಕಿಲ್ಲ, ಎರಡೂ ಯಾಕೆ ಬಲಗೈ ಎಂಬುದೆಲ್ಲ ಅವಳಿಗೆ ಒಮ್ಮೆಲೇ ಹೊಳೆಯಿತು. ಎಷ್ಟು ನೂರು ವರ್ಷದಿಂದ ಎಷ್ಟು ಹೆಂಗಸರು ಇಲ್ಲಿ ಬಂದು ಕೈ ಊರಿ ಎದ್ದುಹೋಗಿದ್ದಾರೋ. ಅವರೊಬ್ಬೊಬ್ಬರಿಗೂ ಎದುರು ಮನೆಯವರ ತಲೆ ತನ್ನ ಹಾಗೆಯೇ ಬೇಕಾಗಿತ್ತು ಎಂದು ಅವಳಿಗೆ ಅನ್ನಿಸಿತು. ಅಳು ಬರಲಿ ಎಂದರೂ ಬರಲಿಲ್ಲ.

ಅವಳು ಹೋಗಿ ಮಾರೆಮ್ಮನ ಎದುರು ಕೂತಳು. “ಅತ್ತಿ, ನಿನ್ನ ಮಗ ನಮ್ಮಣ್ಣನ್ನ ಕೊಂದ.”

“ಹೌದವ್ವ,” ಎಂದಳು ಮಾರೆಮ್ಮ.

“ಅವನ ಕೈಯಾಗ ಎಣ್ಣಿ ಇತ್ತು.”

“ಗೊತ್ತೈತಿ. ಹುಲಗ ಬಂದು ಹೇಳಿ ತಲಿ ಚಚ್ಚಿಕೊಂಡಾನ.”

“ನಾ ನಿನ್ನ ಮಗನ್ನ ಕ್ಷಮಾ ಮಾಡಂಗಿಲ್ಲ.”

“ಕ್ಷಮಾ ಯಾರು ಕೇಳ್ಯಾರ?” ಎಂದಳು ಮುದುಕಿ. “ನಿಮ್ಮ ಕಾಕಾಗ ನಾ ಇವತ್ತಿಗೂ ಮಾಡಿಲ್ಲ. ಕೈ ಇಡು.”

“ಆದವ್ವ,” ಎಂದ ನರಸಣ್ಣ ಹಿಂದಿನಿಂದ. “ನೀ ಕೈ ಇಟ್ರ ನಮ್ಮ ಮನಿ ಬಾಗಲಾ ನಿನಗ ಮುಚ್ಚಿತು. ತಿಳ್ಕೊಂಡು ಇಡು.”

ಆದಮ್ಮ ಬಲಗೈ ಊರಿದಳು. ಅವಳ ಉಗುರಿನ ಸಂದಿಯಲ್ಲಿ ಮಸಿಯೂ ಅಣ್ಣನ ರಕ್ತವೂ ಹಾಗೇ ಇದ್ದವು. ಬೆರಳುಗಳು ಖಾಲಿ ತಗ್ಗಿಗೆ ಇಳಿದವು. ಮಾರೆಮ್ಮ ಎಡಗೈಯಿಂದ ಗಡಿಗೆ ಎತ್ತಿ ಎರೆದಳು, ಎಣ್ಣೆ ಇಬ್ಬರ ಕೈ ಮೇಲೂ ಹರಿದು ಮಣಿಕಟ್ಟಿನಿಂದ ತೊಟ್ಟಿಕ್ಕಿತು. ತಿಮ್ಮವ್ವ ಮಗಳ ಬೆನ್ನಿಗೆ ಗುದ್ದಿದಳು, ಕೂದಲು ಹಿಡಿದು ಎಳೆದಳು, ಎರಡು ಗುದ್ದಿಗೆ ಅವಳ ತುಟಿ ಕಲ್ಲಿಗೆ ಬಡಿದು ಒಡೆಯಿತು. ಆದಮ್ಮ ಕೈ ತೆಗೆಯಲಿಲ್ಲ. ನರಸಣ್ಣ ಕ್ಯಾಕರಿಸಿ ಉಗುಳಿ ಜೀಪು ಹತ್ತಿದ. ಸಂಜೆ ಹುಲಗಪ್ಪ ತಾನೇ ನಡೆದು ಹೋಗಿ ತುರ್ವಿಹಾಳದಲ್ಲಿ ಪೊಲೀಸರ ಕೈಗೆ ಸಿಕ್ಕ. ಅವನಿಗೆ ಜೀವಾವಧಿಯಾಯಿತು.

ಆಮೇಲಿನದು ಹೆಚ್ಚಿಲ್ಲ. ನರಸಣ್ಣ ಮಾತಿಗೆ ತಪ್ಪಲಿಲ್ಲ, ಮಸ್ಕಿಯ ಮನೆ ಅವಳಿಗೆ ಮತ್ತೆ ತೆರೆಯಲಿಲ್ಲ. ತಿಮ್ಮವ್ವ ನಾಲ್ಕು ವರ್ಷ ಮಗಳ ಜೊತೆ ಮಾತಾಡಲಿಲ್ಲ. ಐದನೇ ವರ್ಷ ಕಾಯಿಲೆ ಬಿದ್ದಾಗ ಮಗಳು ಕಾಯಿಸಿದ ಗಂಜಿ ಕುಡಿದಳು, ಆಗಲೂ ಮಾತಾಡಲಿಲ್ಲ. ಫೆಲೋಶಿಪ್ ಮುಗಿದ ಮೇಲೆ ಕಾಯಂ ಮಾಡುವ ಮಾತು ಮಾತಾಗಿಯೇ ಉಳಿಯಿತು. ಆದಮ್ಮ ಸಿಂಧನೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಪ್ರತಿ ಎಳ್ಳಮವಾಸ್ಯೆಗೆ ಕುಸುಬಿ ಎಣ್ಣೆ ಹಿಡಿದು ಬಸರಿದಿನ್ನಿಗೆ ಹೋಗಿ ಮಾರೆಮ್ಮನ ಪಕ್ಕ ಕೂತು ಬರುತ್ತಾಳೆ.

ಅಣ್ಣನಿಗೆ ಮಣ್ಣು ಕೊಟ್ಟ ತಿಂಗಳಿಗೆ ಅವಳು ಲಿಂಗಸುಗೂರಿಗೆ ಮರಳಿದ್ದಳು. ಶೇಕ್ಷಾವಲಿ ಅಚ್ಚನ್ನು ಒಣಗಿಸಿ, ಸುತ್ತಿ, ಕಾರ್ಡಿನ ಜೊತೆ ಅವಳ ಮೇಜಿನ ಮೇಲಿಟ್ಟಿದ್ದ. ಕಾಗದದ ಅಂಚಿನಲ್ಲಿ ಕಂದು ಬಣ್ಣದ ಕಲೆಯಿತ್ತು, ಅದನ್ನು ಅವನು ಒರೆಸಲು ಹೋಗಿರಲಿಲ್ಲ.

ಮರಿಸ್ವಾಮಿ ತಡವರಿಸುತ್ತ ಕೇಳಿದರು. “ಮೇಡಂ, ಈ ಹೊತ್ತಿನ್ಯಾಗ ಕೇಳಬಾರದು. ಆದರ ಮ್ಯಾಲಿನವರು ಪತ್ರ ಬರದಾರ. ಆ ಕಲ್ಲಿಗೆ ಲಾರಿ ಯಾವಾಗ ಕಳಸೋಣ?”

ಆದಮ್ಮ ಕಾರ್ಡು ತೆಗೆದಳು. ‘ಮಹಾಸತಿಯರ ಕೈ’ ಎಂಬುದನ್ನು ಹೊಡೆದುಹಾಕಿ ಅದರ ಮೇಲೆ ‘ಬದುಕುಳಿದ ಹೆಂಗಸರ ಕೈ’ ಎಂದು ಬರೆದಳು. ಆಮೇಲೆ ಕೊನೆಯ ಕಾಲಮ್ಮಿಗೆ ಬಂದಳು. ‘ಇಲ್ಲ’ ಎಂದಿದ್ದುದನ್ನು ಕಾಗದ ಹರಿಯುವಂತೆ ಗೀಚಿ, ಪಕ್ಕದಲ್ಲಿ ‘ಬಳಕೆಯಲ್ಲಿದೆ’ ಎಂದು ಬರೆದು, ಕಾರ್ಡನ್ನು ಮರಿಸ್ವಾಮಿಯವರ ಕಡೆ ತಿರುಗಿಸಿ ಇಟ್ಟಳು.